ತರಬೇತಿ ಲಾಯ್ಕಾಯ್ತು, ಸರಿ. ತೋಟದಲ್ಲಿ ಎಂತ ಆಯ್ತು? ಕೃಷಿ ತರಬೇತಿಯ ಮೌಲ್ಯಮಾಪನ, ಹಂತ ಹಂತವಾಗಿ

ಮೇ ತಿಂಗಳ ಕೊನೆ. ಸೊಸೈಟಿಯ ಮಹಡಿ ಮೇಲಿನ ಹಾಲ್. ಫ್ಯಾನ್ ತಿರುಗುತ್ತಿದೆ, ಬೆವರು ಮಾತ್ರ ನಿಲ್ಲುತ್ತಿಲ್ಲ. ಅಡಿಕೆಯ ಕೊಳೆರೋಗ ಮತ್ತು ಅದಕ್ಕೆ ಸಿಂಪಡಿಸುವ, ಮೈಲುತುತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಬಗ್ಗೆ ತರಬೇತಿ ಈಗಷ್ಟೇ ಮುಗಿದಿದೆ. ಹೊರಗಿನಿಂದ ಗೋಳಿಬಜೆಯ ಪರಿಮಳ ಬರುತ್ತಿರುವ ಆ ಹೊತ್ತಿಗೆ ಸರಿಯಾಗಿ ನಾವು ಒಂದು ಫಾರ್ಮ್ ಹಂಚಿದೆವು. "ತರಬೇತಿ ಹೇಗಿತ್ತು? ಅತ್ಯುತ್ತಮ, ಉತ್ತಮ, ಸಾಧಾರಣ." ಹೆಚ್ಚುಕಮ್ಮಿ ಎಲ್ಲರೂ ಅತ್ಯುತ್ತಮಕ್ಕೆ ಗೀಟು ಹಾಕಿ ಚಹಾದ ಕಡೆ ನಡೆದರು. ಅರ್ಧ ಪೆನ್ನುಗಳು ವಾಪಸ್ ಬರಲಿಲ್ಲ. ನಾವು ಖುಷಿಯಿಂದ ವರದಿ ಬರೆದೆವು.

ಆಗಸ್ಟ್‌ನಲ್ಲಿ ಬೇರೆ ಯಾವುದೋ ಕೆಲಸಕ್ಕೆ ಹೋದಾಗ, ಅವತ್ತು ಮೊದಲ ಸಾಲಿನಲ್ಲೇ ಕೂತು ಪ್ರಶ್ನೆ ಕೇಳಿದ್ದ ಒಬ್ಬರ ತೋಟಕ್ಕೆ ಕಾಲಿಟ್ಟೆ. ಬುಡದ ತುಂಬ ಕೊಳೆತ ಕಾಯಿ.

"ಮದ್ದು ಬಿಡ್ಲಿಲ್ವಾ ಶೆಟ್ರೆ?"

"ಬಿಟ್ಟಿದ್ದೇವೆ ಮಾರಾಯ್ರೆ, ಎರಡು ಸಲ."

"ಸುಣ್ಣ ಎಷ್ಟು ಹಾಕಿದ್ರಿ?"

"ಅದೆಲ್ಲ ಅವನಿಗೇ ಗೊತ್ತು."

ಅವನು ಅಂದರೆ ಮದ್ದು ಬಿಡಲು ಬರುವ ಆಳು. ಅವನು ತರಬೇತಿಗೆ ಬಂದಿರಲಿಲ್ಲ. ನಾವು ಕರೆದೇ ಇರಲಿಲ್ಲ. ನಮ್ಮ ಫಾರ್ಮ್‌ನಲ್ಲಿ ಅದನ್ನು ಹಿಡಿಯುವ ಒಂದು ಪ್ರಶ್ನೆಯೂ ಇರಲಿಲ್ಲ.

ಉಡುಪಿ, ಮಂಗಳೂರು ಕಡೆ ಕೃಷಿ ತರಬೇತಿಗೆ ಬರವಿಲ್ಲ. ಬ್ರಹ್ಮಾವರದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಮಂಗಳೂರಿನ ಕಂಕನಾಡಿಯಲ್ಲಿ ಇನ್ನೊಂದು. ವಿಟ್ಲದಲ್ಲಿ ತೋಟದ ಬೆಳೆಗಳ ಸಂಶೋಧನೆ ಮಾಡುವ ಸಿಪಿಸಿಆರ್‌ಐನ ಪ್ರಾದೇಶಿಕ ಕೇಂದ್ರ, ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯ, ಉಜಿರೆಯಲ್ಲಿ 1982ರಿಂದ ಸ್ವಉದ್ಯೋಗ ತರಬೇತಿ ಕೊಡುತ್ತಿರುವ ರುಡ್‌ಸೆಟ್, ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ. ಇವಲ್ಲದೆ ಸೊಸೈಟಿ, ಸ್ವಸಹಾಯ ಸಂಘ, ಕೃಷಿಕರ ಕೂಟಗಳು ತಾವೇ ಮಾಡುವ ಕಾರ್ಯಕ್ರಮಗಳು ಬೇರೆ. ಈ ಮಾರ್ಗದರ್ಶಿ ಆ ಕೊನೆಯವರಿಗೆ. ಕೈಯಲ್ಲಿ ದೊಡ್ಡ ದುಡ್ಡಿಲ್ಲ, ಸಂಶೋಧಕರಿಲ್ಲ, ಆದರೆ ಮಾಡಿದ ತರಬೇತಿಯಿಂದ ಏನಾದರೂ ಆಯ್ತಾ ಅಂತ ನಿಜವಾಗಿ ತಿಳಿಯಬೇಕು ಅನ್ನುವವರಿಗೆ. ಉದಾಹರಣೆಗೆ ಉದ್ದಕ್ಕೂ ಬೋರ್ಡೋ ತರಬೇತಿಯನ್ನೇ ಇಟ್ಟುಕೊಂಡಿದ್ದೇನೆ. ನಾನು ಪೆಟ್ಟು ತಿಂದದ್ದು ಅಲ್ಲೇ.

ಹಂತ 1: ಯಾರಿಗೆ, ಯಾತಕ್ಕೆ ಅಂತ ಮೊದಲು ಬರೆಯಿರಿ

ಪೆನ್ನು ತೆಗೆದು ಒಂದು ವಾಕ್ಯ ಬರೆಯಿರಿ: "ಈ ಮೌಲ್ಯಮಾಪನ ನೋಡಿ ನಾವು ___ ಅಂತ ತೀರ್ಮಾನ ಮಾಡುತ್ತೇವೆ." ಖಾಲಿ ಜಾಗ ತುಂಬಲು ಬರದಿದ್ದರೆ ಕೆಲಸ ಅಲ್ಲೇ ನಿಲ್ಲಿಸಿ, ಎಲ್ಲರ ಸಮಯ ಉಳಿಯುತ್ತದೆ. ಮುಂದಿನ ವರ್ಷ ಇದೇ ತರಬೇತಿ ಮಾಡಬೇಕಾ ಬೇಡವಾ? ಹಾಲ್‌ನಲ್ಲಿ ಮಾಡಬೇಕಾ ತೋಟದಲ್ಲಾ? ಯಾರನ್ನು ಕರೆಯಬೇಕು? ಇಂಥ ತೀರ್ಮಾನ ಒಂದಿದ್ದರೆ ಯಾವ ಪ್ರಶ್ನೆ ಕೇಳಬೇಕು, ಯಾವುದು ಬೇಡ ಅನ್ನುವುದು ತಾನಾಗಿ ಹೊಳೆಯುತ್ತದೆ.

ದುಡ್ಡು ಕೊಟ್ಟವರಿಗೆ ಬೇಕಾದ ಲೆಕ್ಕ ಬೇರೆ, ನಿಮಗೆ ಬೇಕಾದ ಲೆಕ್ಕ ಬೇರೆ. ಅವರಿಗೆ ಎಷ್ಟು ಜನ ಬಂದರು, ಮಹಿಳೆಯರು ಎಷ್ಟು, ಫೋಟೋ ಎಲ್ಲಿ ಅನ್ನುವುದು ಬೇಕು. ಅದನ್ನೂ ಕೊಡಿ. ಆದರೆ ತಲೆ ಎಣಿಸಿದ್ದನ್ನೇ ಮೌಲ್ಯಮಾಪನ ಅಂತ ಕರೆಯಬೇಡಿ.

ಹಂತ 2: ಏಣಿ ಬರೆಯಿರಿ

ತರಬೇತಿಗಳನ್ನು ಅಳೆಯಲು ಹೆಚ್ಚು ಹೆಸರಾದ ಚೌಕಟ್ಟು 1959ರಲ್ಲಿ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಮುಂದಿಟ್ಟದ್ದು. ಅದರಲ್ಲಿ ನಾಲ್ಕು ಮಟ್ಟ: ಜನರಿಗೆ ಹೇಗನಿಸಿತು, ಏನು ಕಲಿತರು, ಕೆಲಸದಲ್ಲಿ ಏನು ಬದಲಾಯಿಸಿದರು, ಕೊನೆಗೆ ಫಲ ಏನು. ಅದು ಕಂಪನಿಗಳ ತರಬೇತಿಗಾಗಿ ಹುಟ್ಟಿದ್ದು. ಕೃಷಿ ವಿಸ್ತರಣೆಯವರಿಗೆ ಅಂತಲೇ ಕ್ಲಾಡ್ ಬೆನೆಟ್ 1970ರ ದಶಕದಲ್ಲಿ ಏಳು ಮೆಟ್ಟಿಲಿನ ಒಂದು ಏಣಿ ಮಾಡಿದರು. ನನಗೆ ಅದೇ ಇಷ್ಟ, ಯಾಕೆಂದರೆ ಅದನ್ನು ನಮ್ಮ ಮಾತಿನಲ್ಲಿ ಸಲೀಸಾಗಿ ಹೇಳಬಹುದು. ಕೆಳಗಿನಿಂದ ಹತ್ತಿ:

ಹಾಕಿದ್ದು: ದುಡ್ಡು, ಸಮಯ, ಓಡಾಟ.
ಮಾಡಿದ್ದು: ಭಾಷಣ, ಪ್ರಾತ್ಯಕ್ಷಿಕೆ, ಹಂಚಿದ ಕರಪತ್ರ.
ಬಂದವರು: ಯಾರು, ಎಷ್ಟು ಹೊತ್ತು ಇದ್ದರು.
ಅನಿಸಿದ್ದು: ಇಷ್ಟವಾಯ್ತಾ, ನಂಬಿಕೆ ಬಂತಾ.
ಕಲಿತದ್ದು: ತಿಳಿವಳಿಕೆ, ಕೈಚಳಕ, ಮನಸ್ಸು, ಮಾಡಬೇಕು ಅನ್ನುವ ಆಸೆ.
ಬದಲಾಯಿಸಿದ್ದು: ತೋಟದಲ್ಲಿ ನಿಜವಾಗಿ ಬೇರೆ ಥರ ಮಾಡಿದ್ದು.
ಸಿಕ್ಕಿದ್ದು: ರೋಗ ಕಮ್ಮಿ, ಚಾಲಿ (ಒಣಗಿಸಿ ಸುಲಿದ ಅಡಿಕೆ) ಜಾಸ್ತಿ, ಕೈಗೆ ನಾಲ್ಕು ಕಾಸು.

ಅಡಿಕೆ ತೋಟದವರಿಗೆ ಏಣಿಯ ಬಗ್ಗೆ ಹೊಸದಾಗಿ ಹೇಳಬೇಕಾ? ಮೆಟ್ಟಿಲು ಬಿಟ್ಟು ಹತ್ತಲು ಆಗುವುದಿಲ್ಲ. ನಮ್ಮ ಹೆಚ್ಚಿನ ವರದಿಗಳು ನಾಲ್ಕನೇ ಮೆಟ್ಟಿಲಲ್ಲಿ ನಿಂತು ಏಳನೆಯದರ ಮಾತಾಡುತ್ತವೆ. "ರೈತರಿಗೆ ತುಂಬಾ ಇಷ್ಟವಾಯಿತು, ಇದರಿಂದ ಆದಾಯ ಹೆಚ್ಚಲಿದೆ." ನಡುವೆ ಎರಡು ಮೆಟ್ಟಿಲು ಎಲ್ಲಿ ಹೋಯ್ತು? ನಿಮ್ಮ ಕಾರ್ಯಕ್ರಮದ ಏಣಿಯನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿ ಮೆಟ್ಟಿಲ ಎದುರು "ಇದು ಆಯ್ತು ಅಂತ ನನಗೆ ಹೇಗೆ ಗೊತ್ತಾಗುತ್ತದೆ" ಅಂತ ಒಂದು ಸಾಲು ಹಾಕಿ. ಎಲ್ಲವನ್ನೂ ಅಳೆಯಲೇಬೇಕು ಅಂತಿಲ್ಲ. ಸಣ್ಣ ಕೂಟಕ್ಕೆ ಐದು ಮತ್ತು ಆರನೇ ಮೆಟ್ಟಿಲು ಸಾಕು, ಏಳನೆಯದು ಸಿಕ್ಕಿದರೆ ಲಾಭ.

ಹಂತ 3: "ಅರಿವು ಮೂಡಿಸುವುದು" ಅನ್ನುವ ಗುರಿಯನ್ನು ಹರಿದು ಹಾಕಿ

ಅರಿವನ್ನು ನೋಡಲು ಬರುವುದಿಲ್ಲ. ಕಣ್ಣಿಗೆ ಕಾಣುವ ಕೆಲಸವಾಗಿ ಒಡೆಯಬೇಕು. ಶೇಕಡಾ 1ರ ಬೋರ್ಡೋ ದ್ರಾವಣ ಅಂದರೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು. ಇದು ಎಲ್ಲರಿಗೂ ಬಾಯಿಪಾಠ. ಅಳೆಯಬೇಕಾದ್ದು ಇದನ್ನಲ್ಲ, ಈ ಕೆಳಗಿನವನ್ನು.

ಎರಡನ್ನೂ ತೂಕ ಮಾಡಿ ಹಾಕುತ್ತಾರಾ, ಇಲ್ಲ ಕೈ ಅಂದಾಜಾ? ಬೇರೆ ಬೇರೆ ಪಾತ್ರೆಯಲ್ಲಿ ಕರಗಿಸುತ್ತಾರಾ? ಪಾತ್ರೆ ಪ್ಲಾಸ್ಟಿಕ್ಕಿನದ್ದಾ, ಕಬ್ಬಿಣದ್ದಾ? ಸುಣ್ಣದ ನೀರಿಗೆ ತುತ್ತಿನ ನೀರನ್ನು ಸುರಿದು ಕಲಕುತ್ತಾರಾ, ತಿರುವು ಮುರುವಾಗಿ ಮಾಡುತ್ತಾರಾ? ಹದ ನೋಡುತ್ತಾರಾ? ಅಂದರೆ ಉಜ್ಜಿ ಹೊಳಪು ಬಂದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆದಾಗ ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಲಿಟ್ಮಸ್ ಕಾಗದವೂ ಆಗುತ್ತದೆ. ಮಾಡಿದ ದ್ರಾವಣವನ್ನು ಅದೇ ದಿನ ಮುಗಿಸುತ್ತಾರಾ? ಮೊದಲ ಮದ್ದು ಮಳೆ ಹಿಡಿಯುವ ಮೊದಲೇ ಬಿಟ್ಟರಾ? ಎರಡನೆಯದು 40-45 ದಿನದ ಆಸುಪಾಸಿನಲ್ಲಿ ಬಿಟ್ಟರಾ?

ನೋಡಿ, ಎಂಟು ಪ್ರಶ್ನೆ ಆಯ್ತು. ಒಂದೊಂದಕ್ಕೂ ಹೌದು ಅಥವಾ ಇಲ್ಲ ಅಂತ ಉತ್ತರ ಇದೆ. ಇದೇ ನಿಮ್ಮ ಅಳತೆಗೋಲು. ಭತ್ತದವರಾದರೆ ಇದೇ ಥರ ಚಾಪೆ ನೇಜಿಗೆ, ಅಂದರೆ ಚಾಪೆಯ ಹಾಗೆ ಬೆಳೆಸುವ ಭತ್ತದ ಸಸಿಗೆ ಮಾಡಿ: ಮಣ್ಣು ಜರಡಿ ಹಿಡಿದರಾ, ಬೀಜ ಮೊಳಕೆ ಬರಿಸಿ ಹಾಕಿದರಾ, ನಾಟಿ ದಿನ ಚಾಪೆಯನ್ನು ಸುರುಳಿ ಸುತ್ತಿ ಎತ್ತಿದರೆ ಹರಿಯದೆ ಬರುತ್ತದಾ? ಆ ಸುರುಳಿ ಒಂದೇ ಸಾಕು, ನೇಜಿ ಹಾಕಿದವರು ಕಲಿತರಾ ಇಲ್ಲವಾ ಅಂತ ಅದೇ ಹೇಳುತ್ತದೆ.

ಹಂತ 4: ತರಬೇತಿಗೆ ಮೊದಲೇ ಒಂದು ಸುತ್ತು

ಇದನ್ನು ಎಲ್ಲರೂ ಬಿಡುತ್ತಾರೆ, ನಾನೂ ಬಿಟ್ಟಿದ್ದೆ. ಮೊದಲು ಹೇಗಿತ್ತು ಅಂತ ಗೊತ್ತಿಲ್ಲದಿದ್ದರೆ ಆಮೇಲೆ ಏನು ಬದಲಾಯಿತು ಅಂತ ಯಾವ ಬಾಯಲ್ಲಿ ಹೇಳುವುದು? ಹೆಸರು ಬರೆಸುವಾಗಲೇ ಹತ್ತು ನಿಮಿಷ ಕೂತು ಆ ಎಂಟು ಪ್ರಶ್ನೆ ಕೇಳಿ. ಕಳೆದ ಮಳೆಗಾಲದ ಬಗ್ಗೆ ಕೇಳಿ. ಜೊತೆಗೆ ಮೂರು ವಿಷಯ ಬರೆದುಕೊಳ್ಳಿ: ತೋಟ ಎಷ್ಟು, ಕಳೆದ ವರ್ಷ ಕೊಳೆ ಎಷ್ಟು ಬಂತು, ಮತ್ತು ದ್ರಾವಣ ಕಲಕುವುದು ಯಾರ ಕೈ.

ಈ ಮೂರನೆಯದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ನಮ್ಮಲ್ಲಿ ತರಬೇತಿಗೆ ಬರುವವರು ಜಾಗದ ಯಜಮಾನರು. ಮರ ಹತ್ತಿ ಅಥವಾ ದೋಟಿ ಹಿಡಿದು ಮದ್ದು ಬಿಡುವವರು ಬೇರೆ, ಕೆಳಗೆ ಡ್ರಮ್ಮಿನಲ್ಲಿ ಕಲಕಿ ಸಿಂಪಡಿಸುವ ಗಟೋರ್ ಪಂಪಿಗೆ ಕೊಡುವವರು ಮತ್ತೂ ಬೇರೆ. ಮಲ್ಲಿಗೆ ಕೃಷಿ ತರಬೇತಿಗೂ ಇದೇ ಕತೆ: ಗಿಡ ನೋಡುವುದು, ಹೂ ಕೊಯ್ಯುವುದು, ಕಟ್ಟುವುದು ಎಲ್ಲ ಮನೆಯ ಹೆಂಗಸರು, ರಿಜಿಸ್ಟರ್‌ನಲ್ಲಿ ಸಹಿ ಮಾಡುವುದು ಗಂಡಸರು. ಹಾಗಾಗಿ ಬಂದವರ ಪಟ್ಟಿಯಲ್ಲಿ ಹೆಸರಿನ ಪಕ್ಕ ಇನ್ನೊಂದು ಕಾಲಮ್ ಇರಲಿ, "ಕೆಲಸ ಮಾಡುವವರು: ನಾನೇ / ಮನೆಯವರು / ಆಳು."

ಮೊದಲ ಸುತ್ತು ತಪ್ಪಿಹೋಗಿದೆಯಾ? ಒಂದು ದಾರಿ ಇದೆ. ತರಬೇತಿ ಆದ ಮೇಲೆ ಒಂದೇ ಸಲ ಕೂತು "ಆಗ ಹೇಗೆ ಮಾಡುತ್ತಿದ್ರಿ, ಈಗ ಹೇಗೆ" ಅಂತ ಎರಡನ್ನೂ ಕೇಳುವುದು. ಇದಕ್ಕೊಂದು ಗುಣವೂ ಇದೆ. ತರಬೇತಿಗೆ ಮೊದಲು "ಬೋರ್ಡೋ ಮಾಡಲು ಬರುತ್ತದಾ" ಅಂದರೆ ಎಲ್ಲರೂ ಬರುತ್ತದೆ ಅನ್ನುತ್ತಾರೆ. ಕಲಿತ ಮೇಲೆಯೇ ತಮಗೆ ಏನು ಗೊತ್ತಿರಲಿಲ್ಲ ಅಂತ ಗೊತ್ತಾಗುವುದು. ದೋಷ ಏನೆಂದರೆ, ನಿಮ್ಮನ್ನು ಖುಷಿಪಡಿಸಲು ಆಗಿನದ್ದನ್ನು ತುಂಬ ಕೆಟ್ಟದಾಗಿ ಹೇಳುವವರೂ ಸಿಗುತ್ತಾರೆ.

ಹಂತ 5: ತರಬೇತಿಯ ದಿನ ಕಾಗದಕ್ಕಿಂತ ಕೈ ನೋಡಿ

ಅನಿಸಿಕೆ ಫಾರ್ಮ್ ಬೇಡ ಅನ್ನುತ್ತಿಲ್ಲ. ಊಟ ತಡವಾಯ್ತು, ಮೈಕ್ ಕೇಳಿಸಲಿಲ್ಲ, ತಜ್ಞರು ಇಂಗ್ಲಿಷ್ ಹೆಸರು ಜಾಸ್ತಿ ಹೇಳಿದರು ಅನ್ನುವುದೆಲ್ಲ ಅದರಿಂದ ಗೊತ್ತಾಗುತ್ತದೆ. ಆದರೆ ಅತಿಥಿ ಎದುರಲ್ಲಿ ಇರುವಾಗ ನಮ್ಮ ಊರಿನವರು ಕೆಟ್ಟದ್ದು ಬರೆಯುವುದಿಲ್ಲ, ಅದು ಮರ್ಯಾದೆ. ಹಾಗಾಗಿ "ಹೇಗಿತ್ತು" ಬಿಟ್ಟು ಎರಡೇ ಪ್ರಶ್ನೆ ಇಡಿ: "ಇವತ್ತು ಕೇಳಿದ್ದರಲ್ಲಿ ನಿಮ್ಮ ತೋಟದಲ್ಲಿ ಮಾಡಲು ಆಗದ್ದು ಯಾವುದು? ಯಾಕೆ?" ಇದಕ್ಕೆ ಉತ್ತರ ಕೊಡುವುದು ಮರ್ಯಾದೆಗೆಟ್ಟ ಕೆಲಸ ಅಂತ ಯಾರಿಗೂ ಅನಿಸುವುದಿಲ್ಲ.

ಆಮೇಲೆ ಐದು ಜನರನ್ನು ಚೀಟಿ ಎತ್ತಿ ಆರಿಸಿ, ಎರಡು ಬಕೆಟ್ ಮುಂದಿಟ್ಟು "ನೀವು ಮಾಡಿ ತೋರಿಸಿ" ಅನ್ನಿ. ಸಣ್ಣ ಅಳತೆಯಲ್ಲಿ ಸಾಕು, 100 ಗ್ರಾಂ, 100 ಗ್ರಾಂ, 10 ಲೀಟರ್. ನೀವು ಬಾಯಿ ಬಿಡದೆ ಪಟ್ಟಿಯಲ್ಲಿ ಗುರುತು ಹಾಕುತ್ತಾ ಹೋಗಿ. ಸುಮ್ಮನಿರುವುದು ಕಷ್ಟ, ನನ್ನ ಬಾಯಿ ತುರಿಸುತ್ತದೆ. ಆದರೂ ಮಧ್ಯೆ ತಿದ್ದಬೇಡಿ, ಮುಗಿದ ಮೇಲೆ ತಿದ್ದಿ.

ಹಂತ 6: ಪ್ರಶ್ನೆಯನ್ನು ಜನರ ಮಾತಿಗೆ ಇಳಿಸಿ

"ತಾವು ಶಿಫಾರಸು ಮಾಡಿದ ತಾಂತ್ರಿಕತೆಯನ್ನು ಅಳವಡಿಸಿಕೊಂಡಿದ್ದೀರಾ?" ಈ ವಾಕ್ಯ ಕೇಳಿದರೆ ಯಾರಿಗಾದರೂ ಹೌದು ಅಂದು ಎದ್ದು ಹೋಗೋಣ ಅನಿಸುತ್ತದೆ. ಅಳವಡಿಕೆ ಅನ್ನುವುದು ಕಚೇರಿಯ ಶಬ್ದ. ತೋಟದಲ್ಲಿ ಯಾರೂ ಏನನ್ನೂ ಅಳವಡಿಸಿಕೊಳ್ಳುವುದಿಲ್ಲ, ಮದ್ದು ಬಿಡುತ್ತಾರೆ, ಗೊಬ್ಬರ ಹಾಕುತ್ತಾರೆ.

ದಿನಾಂಕ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. "ಮೇ 28ಕ್ಕೆ ಮೊದಲು ಸಿಂಪಡಣೆ ಮಾಡಿದ್ದೀರಾ" ಅನ್ನುವ ಬದಲು "ಮೊದಲ ಮದ್ದು ಪತ್ತನಾಜೆಗೆ ಮೊದಲಾ ನಂತರವಾ" ಅಂತ ಕೇಳಿ. ಪತ್ತನಾಜೆ ಬರುವುದು ಮೇ 24-25ರ ಹೊತ್ತಿಗೆ. ಯಕ್ಷಗಾನದ ಆಟ, ದೈವಗಳ ನೇಮ ಎಲ್ಲ ಮುಗಿದು ಗೆಜ್ಜೆ ಬಿಚ್ಚುವ ದಿನ, ಅದು ಯಾರಿಗೆ ನೆನಪಿಲ್ಲ? ಎರಡನೇ ಮದ್ದಿಗೆ ತುಳುವರ ಆಟಿ ತಿಂಗಳನ್ನು ಹಿಡಿದು ಕೇಳಿ: ಆಟಿ ಬರುವ ಮೊದಲಾ, ಆಟಿ ಅಮಾವಾಸ್ಯೆ ಕಳೆದ ಮೇಲಾ, ಇಲ್ಲ ಅಷ್ಟಮಿ ಹೊತ್ತಿಗಾ? ಉತ್ತರ ಪಟ್ಟನೆ ಬರುತ್ತದೆ. ಆಟಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಹಾಗಾಗಿ ನಿಮ್ಮ 45 ದಿನದ ಲೆಕ್ಕಕ್ಕೂ ಅದು ಸರಿ ಹೊಂದುತ್ತದೆ.

ಭಾಷೆ ಇನ್ನೊಂದು ತೊಡಕು. ಫಾರ್ಮ್ ಕನ್ನಡದಲ್ಲಿ ಇರುತ್ತದೆ, ಮನೆಯಲ್ಲಿ ಮಾತು ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪ್ರ ಕನ್ನಡ. ಫಾರ್ಮ್ ನೋಡಿಕೊಂಡು ನೀವು ಅವರ ಮಾತಿನಲ್ಲೇ ಕೇಳಿ, ಉತ್ತರವನ್ನು ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ. ಇಬ್ಬರು ಮೂವರು ಸೇರಿ ಸರ್ವೆ ಮಾಡುವುದಾದರೆ ಮೊದಲು ಕೂತು ಒಂದೊಂದು ಪ್ರಶ್ನೆಯನ್ನು ತುಳುವಿನಲ್ಲಿ ಹೇಗೆ ಕೇಳುವುದು ಅಂತ ಒಂದೇ ಥರ ಮಾಡಿಕೊಳ್ಳಿ. ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಪ್ರಶ್ನೆ ಕೇಳಿ ಬಂದಿರುತ್ತೀರಿ.

ಹಂತ 7: ಯಾರ ತೋಟಕ್ಕೆ ಹೋಗುವುದು?

ಪ್ರಗತಿಪರ ಕೃಷಿಕರ ತೋಟಕ್ಕೆ ಬೇಡ. ಅವರಲ್ಲಿ ಎಲ್ಲವೂ ಸರಿ ಇರುತ್ತದೆ, ತರಬೇತಿ ಇಲ್ಲದೆಯೂ ಸರಿ ಇರುತ್ತಿತ್ತು. ರಸ್ತೆ ಬದಿಯ ತೋಟಕ್ಕೆ ಮಾತ್ರ ಹೋಗುವುದೂ ತಪ್ಪು. ರಿಜಿಸ್ಟರ್‌ನಲ್ಲಿ 40 ಹೆಸರು ಇದ್ದರೆ 40 ಚೀಟಿ ಮಾಡಿ ಡಬ್ಬಕ್ಕೆ ಹಾಕಿ 12 ಎತ್ತಿ. ಬಂದ ಹೆಸರಿನ ಮನೆಗೆ ಹೋಗಲೇಬೇಕು, ಗುಡ್ಡ ಹತ್ತಬೇಕಾದರೂ, ಸಂಕ ದಾಟಬೇಕಾದರೂ. ಬದಲಿ ಹೆಸರು ಹಾಕಿಕೊಳ್ಳಲು ಶುರುಮಾಡಿದರೆ ಮತ್ತೆ ರಸ್ತೆ ಬದಿಗೇ ಬರುತ್ತೀರಿ.

ಪ್ರತಿಯೊಬ್ಬರಿಗೂ ಒಂದು ನೆರೆಮನೆ ತೋಟವನ್ನೂ ಸೇರಿಸಿ. ತರಬೇತಿಗೆ ಬಾರದವರು, ಹೆಚ್ಚುಕಮ್ಮಿ ಅಷ್ಟೇ ಜಾಗ, ಅದೇ ಬೈಲು. ಯಾಕೆ ಅಂತ ಹತ್ತನೇ ಹಂತದಲ್ಲಿ ಹೇಳುತ್ತೇನೆ. ನೆರೆಮನೆಯವರು ತರಬೇತಿಗೆ ಬಂದವರ ಬಾಯಿಂದ ಕೇಳಿ ಕಲಿತಿದ್ದರೆ ಅದನ್ನೂ ಬರೆದುಕೊಳ್ಳಿ, ಅದು ನಿಮ್ಮ ಕಾರ್ಯಕ್ರಮದ ಪುಕ್ಕಟೆ ಲಾಭ.

ಹಂತ 8: ಕ್ಯಾಲೆಂಡರ್ ಬೆಳೆಯದ್ದು, ಕಚೇರಿಯದ್ದಲ್ಲ

ಮಾರ್ಚ್ 31ಕ್ಕೆ ವರದಿ ಬೇಕು ಅಂತ ಮಾರ್ಚ್‌ನಲ್ಲಿ ಹೋದರೆ ಬೋರ್ಡೋ ಬಗ್ಗೆ ಏನು ಕಾಣುತ್ತದೆ? ಬೋರ್ಡೋ ತರಬೇತಿಯಾದರೆ ಮೊದಲ ಭೇಟಿ ಮದ್ದು ಬಿಡುವ ದಿನವೇ ಆಗಲಿ, ಎರಡು ಮೂರು ತೋಟ ಸಾಕು. ಎರಡನೆಯದು ಆಗಸ್ಟ್ ಕೊನೆ, ಸೆಪ್ಟೆಂಬರ್. ಮೂರನೆಯದು ಅಡಿಕೆ ಸುಲಿದು ಒಳ್ಳೆ ಚಾಲಿ, ಕಮ್ಮಿ ದರ್ಜೆಯ ಪಟೋರ, ಕರಿಗೋಟು ಅಂತ ಬೇರೆ ಮಾಡುವಾಗ. ಆ ರಾಶಿಗಳ ಗಾತ್ರ ಯಾವ ಫಾರ್ಮ್‌ಗಿಂತಲೂ ಚೆನ್ನಾಗಿ ಮಾತಾಡುತ್ತದೆ.

ಮಳೆಗಾಲದ ಏಣೆಲು ಭತ್ತದ ತರಬೇತಿಗೆ ನೇಜಿ ಹಾಕುವಾಗ ಒಮ್ಮೆ, ಕಟಾವಿಗೆ ಒಮ್ಮೆ. ಮಣ್ಣು ಪರೀಕ್ಷೆ ತರಬೇತಿಗೆ ಮುಂದಿನ ಬೆಳೆಗೆ ಗೊಬ್ಬರ, ಸುಣ್ಣ ಹಾಕುವ ಹೊತ್ತು ಬರುವ ತನಕ ಕಾಯಲೇಬೇಕು. ನಮ್ಮದು ಹುಳಿ ಮಣ್ಣು, ಮುರಕಲ್ಲಿನ ಜಾಗ, ಇಲ್ಲಿ ಸುಣ್ಣ ಹಾಕಿದರಾ ಇಲ್ಲವಾ ಅನ್ನುವುದೇ ಮುಖ್ಯ ಪ್ರಶ್ನೆ. ಗೇರು ಕಸಿ ತರಬೇತಿಯ ಫಲ ನೋಡಲು ಎರಡು ಮೂರು ವರ್ಷ ಬೇಕು. ಸ್ವಉದ್ಯೋಗ ತರಬೇತಿಗಳಲ್ಲಿ ಒಂದು ಒಳ್ಳೆ ಪದ್ಧತಿ ಇದೆ, ರುಡ್‌ಸೆಟ್ ಮಾದರಿಯ ಸಂಸ್ಥೆಗಳು ಕಲಿತು ಹೋದವರನ್ನು ಎರಡು ವರ್ಷ ಬೆನ್ನು ಹತ್ತಿ ವಿಚಾರಿಸುತ್ತವೆ. ನಮ್ಮ ಕೂಟಗಳಿಗೆ ಎರಡು ವರ್ಷ ಆಗದಿರಬಹುದು. ಒಂದು ಮಳೆಗಾಲ ಆಗುತ್ತದೆ.

ಹಂತ 9: ತೋಟದಲ್ಲಿ ಕೇಳಬೇಡಿ, ತೋರಿಸಲು ಹೇಳಿ

ಇದೇ ಇಡೀ ಕೆಲಸದ ತಿರುಳು.

ಮೊದಲು ಫೋನ್ ಮಾಡಿ, ಒಪ್ಪಿಗೆ ಕೇಳಿ. ಇದು ತಪಾಸಣೆ ಅಲ್ಲ, ನಿಮ್ಮ ಹೆಸರು ವರದಿಯಲ್ಲಿ ಬರುವುದಿಲ್ಲ, ಸಬ್ಸಿಡಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಬಿಡಿಸಿ ಹೇಳಿ. ಸಬ್ಸಿಡಿ ಮಾತು ಯಾಕೆಂದರೆ, ಕೈಯಲ್ಲಿ ಪ್ಯಾಡ್ ಹಿಡಿದು ಬಂದವರೆಲ್ಲ ಏನೋ ಕೊಡಲು ಅಥವಾ ಕಿತ್ತುಕೊಳ್ಳಲು ಬಂದವರು ಅಂತ ಜನರಿಗೆ ಅಭ್ಯಾಸ ಆಗಿದೆ.

ಹೋದ ಮೇಲೆ ಜಗಲಿಯಲ್ಲಿ ಕೂತರೆ ಕೆಟ್ಟಿತು. ಅಲ್ಲಿ ಬೆಲ್ಲ ನೀರು ಬರುತ್ತದೆ, ಮಗಳ ಮದುವೆ ಮಾತು ಬರುತ್ತದೆ, ತೋಟ ಬರುವುದಿಲ್ಲ. "ಮದ್ದು ಕಲಕುವ ಜಾಗ ಒಮ್ಮೆ ನೋಡೋಣ" ಅಂತ ಎಬ್ಬಿಸಿ. ಒಂದು ಮನೆಯಲ್ಲಿ ಹಾಗೆ ಹೋದೆವು. ಕೊಟ್ಟಿಗೆಯ ಹಿಂದೆ ನೀಲಿ ಡ್ರಮ್ಮು, ಅದರ ಅಂಚಿನಲ್ಲಿ ಒಣಗಿದ ತಿಳಿನೀಲಿ ಪೊರೆ, ಪಕ್ಕದಲ್ಲಿ ತುಕ್ಕು ಹಿಡಿದ ಕಬ್ಬಿಣದ ಬಕೆಟ್, ಅದಕ್ಕೂ ಅದೇ ನೀಲಿ. ಸುಣ್ಣದ ಚೀಲ ಬಾಯಿ ತೆರೆದೇ ಇತ್ತು, ಮಳೆಯ ಪಸೆಗೆ ಗಟ್ಟಿ ಕಟ್ಟಿತ್ತು. ತಕ್ಕಡಿ ಎಲ್ಲಿ ಅಂದೆ. ಮನೆಯ ಅಕ್ಕ ನಕ್ಕು ಒಂದು ತೆಂಗಿನ ಗೆರಟೆ ತೋರಿಸಿದರು. "ಇದರಲ್ಲಿ ಮೂರು ಹಾಕಿದರೆ ಒಂದು ಕೆಜಿ ಅಂತ ಅವನ ಲೆಕ್ಕ." ಸುಣ್ಣಕ್ಕೂ ಅದೇ ಗೆರಟೆ, ತುತ್ತಿಗೂ ಅದೇ ಗೆರಟೆ. ಅಡುಗೆಮನೆಯಿಂದ ತಕ್ಕಡಿ ತರಿಸಿ ತೂಗಿ ನೋಡಿದೆವು, ಎರಡೂ ಒಂದೇ ತೂಕ ಬರಲಿಲ್ಲ. ಇದೇ ಮನೆಯವರು ಪ್ರಶ್ನೆಗೆ "ಹೌದು, ತೂಕ ಮಾಡಿಯೇ ಹಾಕುತ್ತೇವೆ" ಅಂದಿದ್ದರು. ಸುಳ್ಳು ಹೇಳಿದ್ದಲ್ಲ ಅದು. ಗೆರಟೆಯೇ ಅವರ ತೂಕ.

ಹಾಗಾಗಿ ಪಟ್ಟಿಯಲ್ಲಿ ಎರಡು ಕಾಲಮ್ ಇರಲಿ: "ಹೇಳಿದ್ದು" ಮತ್ತು "ಕಂಡದ್ದು". ಎರಡೂ ಬೇರೆ ಬಂದಲ್ಲೆಲ್ಲ ನಿಮಗೆ ಏನೋ ಕಲಿಯಲಿಕ್ಕಿದೆ.

ಮಾಡದಿದ್ದವರ ಹತ್ತಿರ "ಯಾಕೆ ಮಾಡಲಿಲ್ಲ" ಅಂತ ನೇರವಾಗಿ ಕೇಳಿದರೆ ಶಾಲೆಯ ಮೇಷ್ಟ್ರು ಕೇಳಿದಂತಾಗುತ್ತದೆ. "ಮಾಡಲು ಹೋದರೆ ಎಲ್ಲಿ ಕಷ್ಟ ಆಗುತ್ತದೆ" ಅಂತ ಕೇಳಿ. ಆಗ ಬರುತ್ತದೆ ನಿಜ: ಮಳೆ ಬಿಡಲಿಲ್ಲ, ಮದ್ದು ಬಿಡುವವನು ಹತ್ತು ಮನೆಗೆ ಒಬ್ಬನೇ, ಅವನು ಬಂದ ದಿನವೇ ಪತ್ತನಾಜೆ, ಅವನು ಬಂದಾಗ ಸುಣ್ಣ ಇರಲಿಲ್ಲ. ಇವುಗಳಲ್ಲಿ ಕೆಲವು ತರಬೇತಿಯಿಂದ ಸರಿಯಾಗುವವು, ಕೆಲವು ಎಷ್ಟು ತರಬೇತಿ ಕೊಟ್ಟರೂ ಆಗದವು. ಬೇರೆ ಬೇರೆ ಬರೆಯಿರಿ.

ಹಂತ 10: ಫಲದ ಲೆಕ್ಕ, ಮಳೆಯ ಪಾಲು ಕಳೆದು

ಕೊಳೆ ಕಮ್ಮಿ ಆಯ್ತು ಅಂತಿಟ್ಟುಕೊಳ್ಳಿ. ತರಬೇತಿಯಿಂದಲಾ, ಮಳೆ ಕಮ್ಮಿ ಬಿದ್ದದ್ದರಿಂದಲಾ? ಕೊಳೆರೋಗ ಎಡೆಬಿಡದ ಮಳೆಗೆ ಏರುವ ರೋಗ, ಮಳೆ ಆಗಾಗ ಹೊಳವು ಕೊಟ್ಟ ವರ್ಷ ಏನೂ ಮಾಡದವರ ತೋಟವೂ ಬಚಾವಾಗುತ್ತದೆ. ನೆರೆಮನೆ ತೋಟ ಬೇಕಾಗುವುದು ಇಲ್ಲೇ.

ಲೆಕ್ಕ ತೋರಿಸಲು ಸುಮ್ನೆ ಅಂಕಿ ಇಟ್ಟುಕೊಳ್ಳೋಣ. ತರಬೇತಿ ಆದವರ ತೋಟದಲ್ಲಿ ಕಳೆದ ವರ್ಷ 100 ಗೊನೆಯಲ್ಲಿ 30ಕ್ಕೆ ಕೊಳೆ, ಈ ವರ್ಷ 12ಕ್ಕೆ. ಇಳಿದದ್ದು 18. ನೆರೆಯವರಲ್ಲಿ ಕಳೆದ ವರ್ಷ 28, ಈ ವರ್ಷ 20. ಇಳಿದದ್ದು 8. ಆ 8 ಮಳೆಯ ಪುಣ್ಯ. ನಿಮ್ಮ ತರಬೇತಿಯ ಪಾಲಿಗೆ ಬರಬಹುದಾದದ್ದು 10. "18 ಇಳಿಯಿತು" ಅಂತ ವರದಿ ಬರೆದಿದ್ದರೆ ಮಳೆರಾಯನ ಕೆಲಸಕ್ಕೆ ನೀವು ಹಾರ ಹಾಕಿಸಿಕೊಂಡ ಹಾಗೆ. ಆ 10 ಕೂಡ ಪೂರ್ತಿ ಗಟ್ಟಿ ಅಂತಲ್ಲ. ತರಬೇತಿಗೆ ಬರುವವರು ಮೊದಲೇ ಸ್ವಲ್ಪ ಜಾಗ್ರತೆಯವರು ಆಗಿರುತ್ತಾರೆ. 12 ತೋಟದಿಂದ ಶೇಕಡಾವಾರು ಲೆಕ್ಕ ದಶಾಂಶದವರೆಗೆ ಎಳೆಯಬೇಡಿ, "12ರಲ್ಲಿ 7 ಕಡೆ" ಅಂತ ಬರೆದರೆ ಸಾಕು.

ಗೊನೆ ಎಣಿಸುವುದು ಹೇಗೆ? ತೋಟದ ಒಂದು ಮೂಲೆಯಿಂದ ಎದುರು ಮೂಲೆಗೆ ಅಡ್ಡ ನಡೆಯಿರಿ, ಪ್ರತಿ ಐದನೇ ಮರ ನಿಂತು ನೋಡಿ, 20 ಮರ ಆದರೆ ಸಾಕು. ಮನೆಯ ಹತ್ತಿರದ ಮರಗಳನ್ನೇ ನೋಡಬೇಡಿ, ಅಲ್ಲಿಗೆ ಮದ್ದು ಯಾವಾಗಲೂ ಚೆನ್ನಾಗಿಯೇ ಬಿದ್ದಿರುತ್ತದೆ. ಕಳೆದ ವರ್ಷದ ಅಂಕಿ ಮಾತ್ರ ಅವರ ಬಾಯಿಂದಲೇ ಬರಬೇಕು, ಹಾಗಾಗಿ ತರಬೇತಿ ಮನೆಗೂ ನೆರೆಮನೆಗೂ ಒಂದೇ ಥರ ಕೇಳಿ.

ದುಡ್ಡಿನ ಫಲವನ್ನು ಆದಾಯದಲ್ಲಿ ಹೇಳುವ ಆಸೆ ಬರುತ್ತದೆ, ತಡೆದುಕೊಳ್ಳಿ. ಅಡಿಕೆ ಧಾರಣೆ ನಿಮ್ಮ ತರಬೇತಿ ಕೇಳಿ ಏರುವುದಿಲ್ಲ. ಶಂಕರಪುರ ಮಲ್ಲಿಗೆಯದ್ದಂತೂ ಕೇಳುವುದೇ ಬೇಡ, ಅಟ್ಟೆಯ (ಹೂ ಮಾರುವ ಅಳತೆ) ರೇಟು ದಿನಕ್ಕೊಂದು. ಕೆಜಿಯಲ್ಲಿ, ಗೊನೆಯಲ್ಲಿ, ಉಳಿದ ಕೂಲಿ ದಿನದಲ್ಲಿ ಹೇಳಿ.

ಇನ್ನೊಂದು ಸಣ್ಣ ಲೆಕ್ಕ, ಇದು ನಮಗೇ. ತರಬೇತಿಗೆ 20,000 ರೂಪಾಯಿ ಖರ್ಚಾಗಿ 40 ಜನ ಬಂದರೆ ತಲೆಗೆ 500. ಅವರಲ್ಲಿ 8 ಜನ ಮಾತ್ರ ಕ್ರಮ ಬದಲಾಯಿಸಿದ್ದರೆ ಒಂದು ಬದಲಾವಣೆಗೆ 2,500. ಅಂಕಿ ಕಾಲ್ಪನಿಕ, ನಿಮ್ಮದನ್ನು ಹಾಕಿ ನೋಡಿ. ನಾನು ಹಾಕಿ ನೋಡಿದ ದಿನ ಶಾಮಿಯಾನ, ಹಾರ, ಸ್ಮರಣಿಕೆಯ ಬಿಲ್ಲುಗಳ ಮೇಲೆ ಬಹಳ ಸಿಟ್ಟು ಬಂತು.

ಹಂತ 11: ವರದಿ ಎರಡು ಪುಟ

ಮೊದಲ ಪುಟದಲ್ಲಿ ನಾವು ಯಾವ ತೀರ್ಮಾನಕ್ಕಾಗಿ ಹೊರಟೆವು, ಎಲ್ಲೆಲ್ಲಿ ಹೋದೆವು, ಆ ಎಂಟು ಕೆಲಸಗಳಲ್ಲಿ ಯಾವುದು ಎಷ್ಟು ಕಡೆ ಕಂಡಿತು. ಎರಡನೆಯದರಲ್ಲಿ ಕಷ್ಟಗಳು, ಮತ್ತು ಮುಂದೆ ಏನು ಬದಲಾಯಿಸಬೇಕು. ಕೆಟ್ಟ ಸುದ್ದಿಯನ್ನು ಮೊದಲೇ ಹಾಕಿ. ಒಂದು ಕೆಲಸ ಎಲ್ಲೂ ಕಂಡಿಲ್ಲ ಅಂದರೆ ಜನ ದಡ್ಡರು ಅಂತಲ್ಲ, ಅದನ್ನು ನಾವು ಸರಿಯಾಗಿ ಹೇಳಿಕೊಟ್ಟಿಲ್ಲ ಅಥವಾ ಅದು ಆ ತೋಟಕ್ಕೆ ಆಗುವಂಥದ್ದಲ್ಲ.

ಆಮೇಲೆ ವರದಿಯನ್ನು ಯಾರ ತೋಟಕ್ಕೆ ಹೋಗಿದ್ದೆವೋ ಅವರ ಮುಂದೆಯೇ ಇಡಿ. ಅರ್ಧ ಗಂಟೆ ಸಾಕು. ನಾವು ಇಟ್ಟಾಗ ಚೂರಿಯ ಹದ ನೋಡುವುದು ಬಹುತೇಕ ಎಲ್ಲೂ ಕಾಣಲಿಲ್ಲ ಅಂತ ಓದಿದೆವು. ಹಿಂದಿನ ಸಾಲಿನಿಂದ ಒಬ್ಬರು, ನಮ್ಮ ಊರಿನ ಹತ್ತಾರು ತೋಟಕ್ಕೆ ಮದ್ದು ಬಿಡುವವರೇ, ಎದ್ದು ನಿಂತರು. "ಅದು ನನಗೆ ಯಾರೂ ಹೇಳ್ಲೇ ಇಲ್ಲ. ಹೇಳಿದ್ರೆ ನೋಡ್ತಿದ್ದೆ, ಚೂರಿ ಸೊಂಟದಲ್ಲೇ ಇರ್ತದೆ."

ಮುಂದಿನ ಮೇ ತಿಂಗಳ ತರಬೇತಿಗೆ ಹಾಲ್ ಬುಕ್ ಮಾಡಲಿಲ್ಲ. ಒಂದು ತೋಟದಲ್ಲಿ, ಬೆಳಿಗ್ಗೆ 7 ಗಂಟೆಗೆ ಇಟ್ಟೆವು. ಮದ್ದು ಬಿಡುವವರಿಗೆ ಆ ದಿನದ ಸಂಬಳ ಕೂಟದಿಂದಲೇ ಕೊಟ್ಟೆವು, ಹಾರ ಮತ್ತು ಸ್ಮರಣಿಕೆಯ ದುಡ್ಡು ಅದಕ್ಕೆ ಸರಿಹೋಯ್ತು. ಯಜಮಾನರಿಗೆ ಹೋದ ವಾಟ್ಸಾಪ್ ಆಹ್ವಾನದಲ್ಲಿ ಒಂದೇ ಸಾಲು ಜಾಸ್ತಿ ಇತ್ತು: ಬರುವಾಗ ನಿಮ್ಮ ತೋಟಕ್ಕೆ ಮದ್ದು ಬಿಡುವವರನ್ನು, ನೀವು ಅಳೆಯುವ ಗೆರಟೆಯನ್ನು ಮತ್ತು ಒಂದು ಚೂರಿಯನ್ನು ತನ್ನಿ.